ಬೀಗ ಯಾರದೋ ಹೊಣೆ ಅವರದು

ಗಾಂಧಿ ಬಜಾರಿನಲ್ಲಿ ಮೂವತ್ತು ವರ್ಷದಿಂದ ಬಟ್ಟೆ ವ್ಯಾಪಾರ ಮಾಡುತ್ತಿರುವ ಸ್ನೇಹಿತರೊಬ್ಬರು ಗಣೇಶನ ಹಬ್ಬಕ್ಕೆ ಎರಡು ದಿನ ಇರುವಾಗ ನನಗೆ ಫೋನ್ ಮಾಡಿ, "ಸ್ವಲ್ಪ ಬಂದು ಹೋಗಿ ಮಾರಾಯ್ರೇ, ಒಂದು ನೋಡಬೇಕಾದ್ದು ಇದೆ" ಎಂದರು. ಹೋದೆ. ಅಂಗಡಿಗೆ ಅಲ್ಲ, ಅಂಗಡಿಯಿಂದ ಎರಡು ಓಣಿ ಆಚೆ ಅವರು ಬಾಡಿಗೆಗೆ ಹಿಡಿದಿದ್ದ ಗೋಡೌನ್ ರೂಮಿಗೆ. ಬಾಗಿಲು ತೆಗೆದರು. ಒಳಗಿಂದ ಬಂದ ವಾಸನೆ ಮಲೆನಾಡಿನ ಮಳೆ ಕಂಡವರಿಗೆಲ್ಲ ಗೊತ್ತು. ಬೂಷ್ಟು!

ಮೇ ತಿಂಗಳಲ್ಲಿ ಮದುವೆ ಸೀಜನ್ ಮುಗಿದ ಮೇಲೆ ಉಳಿದ ಪಂಚೆ, ಸೀರೆ, ಜೊತೆಗೆ ಚಳಿಗಾಲಕ್ಕೆ ಅಂತ ಅಗ್ಗಕ್ಕೆ ಸಿಕ್ಕ ಕಂಬಳಿ, ಜಮಖಾನ ಎಲ್ಲ ಕಟ್ಟಿ ಆ ರೂಮಿನಲ್ಲಿ ಪೇರಿಸಿದ್ದರು. ಬೀಗ ಹಾಕಿ ಕೀ ಗಲ್ಲಾಪೆಟ್ಟಿಗೆಗೆ ಸೇರಿಸಿದವರು ಮತ್ತೆ ತೆಗೆದದ್ದು ಹಬ್ಬದ ಹೊತ್ತಿಗೆ. ಕೆಳಗಿನ ಸಾಲಿನ ಗಂಟುಗಳು ನೆಲದ ತೇವ ಕುಡಿದು ಹಸಿರಾಗಿದ್ದವು. ಗೋಡೆಗೆ ತಾಗಿದ ರಟ್ಟಿನ ಪೆಟ್ಟಿಗೆಗಳನ್ನು ಗೆದ್ದಲು ಒಳಗಿಂದ ತಿಂದು, ಹೊರಗೆ ಮಾತ್ರ ಪೆಟ್ಟಿಗೆಯ ಆಕಾರ ಉಳಿಸಿತ್ತು. ಮುಟ್ಟಿದರೆ ಪುಡಿ.

ಅವರು ಮೊದಲು ಹೋದದ್ದು ಕಟ್ಟಡದ ಯಜಮಾನರ ಹತ್ತಿರ. ಯಜಮಾನರು ಸಿಟ್ಟಾಗಲಿಲ್ಲ, ಕಾಫಿ ಕೊಟ್ಟು ಶಾಂತವಾಗಿ ಒಂದೇ ಮಾತು ಹೇಳಿದರಂತೆ: "ಬೀಗ ನಿಮ್ದು. ಒಳಗೇನಿತ್ತು ಅಂತ ನಂಗೇನ್ ಗೊತ್ತು ಸಾರ್?"

ಆಮೇಲೆ ವಿಮೆ ಕಂಪನಿಗೆ ಹೋದರು. ಅಲ್ಲಿಯವರು ಪಾಲಿಸಿ ಬಿಡಿಸಿ ವಿಳಾಸದ ಮೇಲೆ ಬೆರಳಿಟ್ಟರು. ಪಾಲಿಸಿಯಲ್ಲಿ ಇದ್ದದ್ದು ಅಂಗಡಿಯ ವಿಳಾಸ. ಗೋಡೌನಿನ ಹೆಸರೇ ಇಲ್ಲ. ಇದ್ದಿದ್ದರೂ, ಗೋಡೆಯಿಂದ ನಿಧಾನವಾಗಿ ಜಿನುಗುವ ತೇವಕ್ಕೆ ಫೈರ್ ಪಾಲಿಸಿಯಲ್ಲಿ ಪರಿಹಾರ ಇಲ್ಲ. ಹೊಳೆ ನೀರು ನುಗ್ಗಿದ್ದರೆ ಆ ಮಾತು ಬೇರೆ.

ಪಾಪ, ನನ್ನನ್ನು ಕರೆದದ್ದು ಯಜಮಾನರ ಮೇಲೆ ಪೇಪರಿನಲ್ಲಿ ಬರೆಯಲಿ ಅಂತ. ನಾನು ಅವರ ಪರವಾಗಿಯೇ ಯೋಚಿಸುತ್ತ ಮನೆಗೆ ಬಂದೆ. ಯೋಚಿಸಿದಷ್ಟೂ ಯಜಮಾನರ ಮಾತೇ ಸರಿ ಅನ್ನಿಸುತ್ತ ಹೋಯಿತು.

ಯಾಕೆ ಅಂತ ಹೇಳುತ್ತೇನೆ. ನಮ್ಮೂರಿನ ಜನಕ್ಕೆ ಸಾಮಾನನ್ನು ಇನ್ನೊಬ್ಬರ ಜಾಗದಲ್ಲಿ ಇಡುವುದು ಹೊಸತಲ್ಲ. ಬೆಳಗಿನ ಬಸ್ಸಿನಲ್ಲಿ ಸಾಗರದಿಂದಲೋ ತೀರ್ಥಹಳ್ಳಿಯಿಂದಲೋ ಬಂದವರು ಬಸ್ ಸ್ಟ್ಯಾಂಡ್ ಎದುರಿನ ಗುರುತಿನ ಅಂಗಡಿಯಲ್ಲಿ ಚೀಲ ಇಟ್ಟು, "ಸ್ವಲ್ಪ ನೋಡ್ಕಳಿ, ಸಂಜೆ ಬತ್ತೀನಿ" ಅಂತ ಕೋರ್ಟಿಗೋ ಆಸ್ಪತ್ರೆಗೋ ಹೋಗುವುದನ್ನು ದಿನಾ ನೋಡುತ್ತೇವೆ. ಅಡಿಕೆ ಬೆಳೆಗಾರರು ಸಾಗರ ರಸ್ತೆಯ ಎಪಿಎಂಸಿ ಯಾರ್ಡಿನ ಮಂಡಿಯಲ್ಲಿ ಮೂಟೆ ಇಳಿಸಿ, ರಾಶಿ ಇಡಿಗೋ ಬೆಟ್ಟೆಗೋ ಸರಕಿಗೋ ರೇಟು ಏರುವವರೆಗೆ ಅಲ್ಲೇ ಬಿಟ್ಟು ಊರಿಗೆ ಹೋಗುತ್ತಾರೆ. 1939ರಲ್ಲಿ ಶುರುವಾದ ಮ್ಯಾಮ್‌ಕೋಸ್‌ನಂಥ ಸಹಕಾರಿ ಸಂಘದ ಮೇಲೆ ಬೆಳೆಗಾರರಿಗಿರುವ ನಂಬಿಕೆಯಲ್ಲಿ ಅರ್ಧ ಈ ಇಟ್ಟುಕೊಳ್ಳುವ ಕೆಲಸದಿಂದ ಬಂದದ್ದು. 1957ರಿಂದ ಇರುವ ರಾಜ್ಯ ಉಗ್ರಾಣ ನಿಗಮದ ಕಸುಬೇ ಇದು. ಮಾಲು ತೂಗಿ ಒಳಗಿಟ್ಟು ರಸೀದಿ ಕೊಡುತ್ತಾರೆ. ಆ ರಸೀದಿ ತೋರಿಸಿ ಬ್ಯಾಂಕಿನಲ್ಲಿ ಸಾಲವನ್ನೂ ತೆಗೆಯಬಹುದು.

ಇವೆಲ್ಲದರಲ್ಲೂ ಮಾಲು ಅವರ ಕೈಗೆ ಹೋಗುತ್ತದೆ, ಬೀಗ ಅವರದು. ಹಾಗಾಗಿ ಹೊಣೆಯೂ ಅವರದು. 1872ರ ಕರಾರು ಕಾಯ್ದೆ, ಅದೇ ಕಾಂಟ್ರ್ಯಾಕ್ಟ್ ಆಕ್ಟು, ಹೇಳುವುದೂ ಇದನ್ನೇ: ಇನ್ನೊಬ್ಬರ ಸಾಮಾನು ಇಟ್ಟುಕೊಂಡವನು ವಿವೇಕವುಳ್ಳ ಮನುಷ್ಯ ತನ್ನ ಸ್ವಂತ ಸಾಮಾನನ್ನು ಎಷ್ಟು ಜೋಪಾನ ಮಾಡುತ್ತಾನೋ ಅಷ್ಟು ಜೋಪಾನ ಮಾಡಬೇಕು.

ರೂಮು ಬಾಡಿಗೆಗೆ ಹಿಡಿದಿರೋ, ಆ ಲೆಕ್ಕ ತಿರುಗಿತು. ಯಜಮಾನ ನಿಮಗೆ ಕೊಟ್ಟದ್ದು ನಾಲ್ಕು ಗೋಡೆ, ಒಂದು ಮಾಡು. ನಿಮ್ಮ ಮಾಲನ್ನು ಅವನು ಇಸಿದುಕೊಂಡಿಲ್ಲ, ಎಣಿಸಿಲ್ಲ, ನೋಡಿಯೂ ಇಲ್ಲ. ನನ್ನ ಸ್ನೇಹಿತರು ರೂಮು ಹಿಡಿದರು, ಮನಸ್ಸಿನಲ್ಲಿ ಮಾತ್ರ ಮಂಡಿಯಲ್ಲಿ ಇಟ್ಟ ಹಾಗೆ ನೆಮ್ಮದಿಯಾಗಿದ್ದರು. ಕೆಟ್ಟದ್ದು ಅಲ್ಲಿ.

ಬೆಂಗಳೂರಿನಲ್ಲಿ ಈಗ ಇದಕ್ಕೆ ಸೆಲ್ಫ್ ಸ್ಟೋರೇಜ್ ಅಂತ ಇಂಗ್ಲಿಷ್ ಹೆಸರು. ಅಮೆರಿಕದಲ್ಲಿ 1960ರ ದಶಕದಿಂದ ಬೆಳೆದ ವ್ಯಾಪಾರ ಇದು. ಅಲ್ಲಿ ಊರಾಚೆ ಸಾಲಾಗಿ ಶಟರ್ ಹಾಕಿದ ಗೂಡುಗಳು, ತಿಂಗಳ ಬಾಡಿಗೆ, ಬೀಗ ನಿಮ್ಮದು. ಬೆಂಗಳೂರಿನಲ್ಲಿ ಎರಡು ಥರದವರು ಇದ್ದಾರೆ. ಕೆಲವರು ಗೂಡು ಕೊಟ್ಟು ಕೀ ನಿಮ್ಮ ಕೈಗೆ ಕೊಡುತ್ತಾರೆ. ಕೆಲವರು ಮನೆಗೇ ಲಾರಿ ಕಳಿಸಿ, ಸಾಮಾನು ಎಣಿಸಿ, ಫೋಟೋ ತೆಗೆದು, ಚೀಟಿ ಅಂಟಿಸಿ ತಮ್ಮ ದೊಡ್ಡ ಗೋಡೌನಿನಲ್ಲಿ ಇಟ್ಟುಕೊಳ್ಳುತ್ತಾರೆ. ಎರಡಕ್ಕೂ ಜಾಹೀರಾತಿನಲ್ಲಿ ಒಂದೇ ಹೆಸರು, ಆದರೆ ಮೊದಲನೆಯದು ರೂಮು, ಎರಡನೆಯದು ಮಂಡಿ. ನಮ್ಮೂರಿನ ಎಷ್ಟೋ ಹುಡುಗರು ಅಲ್ಲಿ ಕೆಲಸದಲ್ಲಿದ್ದಾರೆ, ಮನೆ ಖಾಲಿ ಮಾಡುವಾಗ ಇಂಥ ಕಡೆ ಇಡುತ್ತಾರೆ. ಸಹಿ ಮಾಡುವ ಮುಂಚೆ ಕೇಳಬೇಕಾದ್ದು ಮೂರು. ಸಾಮಾನು ಹಾಳಾದರೆ ಕೊಡುವುದೆಷ್ಟು, ವಿಮೆ ಯಾರ ಹೆಸರಲ್ಲಿ, ಬಾಡಿಗೆ ಬಾಕಿ ಬಿದ್ದರೆ ಎಷ್ಟು ದಿನಕ್ಕೆ ಸಾಮಾನು ಮಾರುತ್ತೀರಿ. ಮೂರನೆಯದು ಸಣ್ಣ ಅಕ್ಷರದಲ್ಲಿ ಇರುತ್ತದೆ, ಕನ್ನಡಕ ಹಾಕಿಕೊಂಡೇ ಓದಬೇಕು.

ಬೆಂಗಳೂರು ಬಿಡಿ, ನಮ್ಮೂರಿನ ರೂಮಿಗೆ ಬರೋಣ.

ರೂಮು ನೋಡುವುದಕ್ಕೆ ಎಲ್ಲರೂ ಹೋಗುವುದು ಬೇಸಿಗೆಯಲ್ಲಿ. ಮಾರ್ಚ್ ತಿಂಗಳಲ್ಲಿ ಶಿವಮೊಗ್ಗದ ಯಾವ ರೂಮು ಕೆಟ್ಟದಾಗಿ ಕಂಡೀತು ಹೇಳಿ? ನೋಡಬೇಕಾದ್ದು ಜೂನ್ ಕೊನೆಗೆ, ಒಂದು ದೊಡ್ಡ ಮಳೆ ಹೊಡೆದು ನಿಂತ ಮಾರನೇ ದಿನ. ಅಷ್ಟು ಕಾಯಲು ಆಗದಿದ್ದರೆ ಗೋಡೆಯ ಬುಡ ನೋಡಿ. ನೆಲದಿಂದ ಒಂದೆರಡು ಅಡಿ ಎತ್ತರಕ್ಕೆ ಗಾರೆ ಉಬ್ಬಿದೆಯಾ, ಬಿಳಿ ಪುಡಿ ಉದುರುತ್ತಾ? ಇಡೀ ಗೋಡೆ ಹಳೇದು, ಬುಡಕ್ಕೆ ಮಾತ್ರ ಹೊಸ ಸುಣ್ಣ ಬಳಿದಿದ್ದರೆ ಇನ್ನೂ ಅನುಮಾನ ಪಡಿ. ಶೀಟಿನ ಮಾಡಾದರೆ ಒಳಗೆ ನಿಂತು ಬಾಗಿಲು ಮುಚ್ಚಿಸಿ, ಬೆಳಕಿನ ಚುಕ್ಕೆ ಎಲ್ಲಿ ಕಾಣುತ್ತೋ ಮಳೆ ಅಲ್ಲಿಂದಲೇ ಬರುತ್ತದೆ. ಅಕ್ಕಪಕ್ಕದವರನ್ನು ಒಂದು ಮಾತು ಕೇಳಿ: 2019ರ ಆಗಸ್ಟಿನಲ್ಲಿ ಇಲ್ಲಿವರೆಗೂ ನೀರು ಬಂದಿತ್ತಾ?

ಆ ಆಗಸ್ಟ್ ನನಗೂ ಮರೆತಿಲ್ಲ. ತುಂಗೆ ಉಕ್ಕಿ ತಗ್ಗಿನ ಬಡಾವಣೆಗಳಿಗೆ ನುಗ್ಗಿದ ವರ್ಷ. ಕೋರ್ಪಲಯ್ಯನ ಛತ್ರದ ಹತ್ತಿರ ಮಂಟಪ ಮುಳುಗಿತು ಅಂತ ಊರೆಲ್ಲ ನೋಡಲು ಓಡಿತು. ನಾನೂ ಓಡಿದೆ, ಮಂಟಪ ನೋಡಿದೆ, ಬಂದು ಊಟ ಮಾಡಿ ಮಲಗಿದೆ. ಇಪ್ಪತ್ತು ವರ್ಷದ ಹಳೇ ಪತ್ರಿಕೆಯ ಕಟ್ಟುಗಳನ್ನು ಪರಿಚಯದವರೊಬ್ಬರ ಹಿತ್ತಲ ರೂಮಿನಲ್ಲಿ ಬಾಡಿಗೆಗೆ ಇಟ್ಟಿದ್ದೇನೆ ಎಂಬುದು ನೆನಪಾದದ್ದು ಮೂರು ದಿನ ಬಿಟ್ಟು. ಹೊಳೆ ಅಲ್ಲಿಗೆ ಬಂದಿರಲಿಲ್ಲ, ಚರಂಡಿ ಬಂದಿತ್ತು. ಕಾಗದ ನೀರು ಕುಡಿದರೆ ಹೇಗೆ ಊದುತ್ತದೆ ಅಂದರೆ, ಕಟ್ಟುಗಳು ಒಂದಕ್ಕೊಂದು ಒತ್ತಿಕೊಂಡು ಬಾಗಿಲನ್ನು ಒಳಗಿಂದ ತಳ್ಳಿ ಹಿಡಿದಿದ್ದವು. ಕೀ ನನ್ನ ಜೇಬಿನಲ್ಲೇ ಇತ್ತು. ಊರಿಗೆಲ್ಲ ಬುದ್ಧಿ ಹೇಳುವ ಕಾಲಂ ಬರೆಯುವವನ ಕಥೆ ಇದು, ನಗಬೇಡಿ.

ಪೇರಿಸುವ ವಿದ್ಯೆಯನ್ನು ಯಾರಾದರೂ ಕಲಿಯಬೇಕಾದರೆ ಮಂಡಿಯ ಹಮಾಲರಿಂದ ಕಲಿಯಬೇಕು. ನನ್ನ ಸ್ನೇಹಿತರನ್ನು ಕರೆದುಕೊಂಡು ಒಂದು ಸಂಜೆ ಯಾರ್ಡಿಗೆ ಹೋದೆ. ಅಲ್ಲಿ ನಲವತ್ತು ವರ್ಷ ಮೂಟೆ ಹೊತ್ತ ಹಿರಿಯರೊಬ್ಬರು ಬೀಡಿ ಸೇದುತ್ತ ಕೂತಿದ್ದರು. ವಿಷಯ ಕೇಳಿ, "ನೆಲಕ್ಕೆ ಇಟ್ರಾ?" ಅಂದರು. ಹೌದು. "ಗೋಡೆಗೆ ಒತ್ತಿದ್ರಾ?" ಹೌದು. "ಮತ್ತೆ ನನ್ನ ಏನ್ ಕೇಳ್ತೀರಿ ಯಜಮಾನ್ರೇ" ಅಂತ ಬೀಡಿ ಬಿಸಾಕಿದರು. ಆಮೇಲೆ ಅವರೇ ಎದ್ದು ತೋರಿಸಿದರು.

ನೆಲದ ಮೇಲೆ ಮೊದಲು ದಪ್ಪ ಪ್ಲಾಸ್ಟಿಕ್ ಹಾಳೆ. ಅದರ ಮೇಲೆ ಮರದ ರೀಪರು ಹೊಡೆದ ಹಲಗೆ, ಕೆಳಗೆ ಗಾಳಿ ಓಡಾಡುವಷ್ಟು ಸಂದು ಇರಬೇಕು. ಗೋಡೆಯಿಂದ ಒಂದು ಮೊಳ ದೂರ, ಆ ಸಂದಿಯಲ್ಲಿ ಒಬ್ಬ ಮನುಷ್ಯ ಅಡ್ಡಡ್ಡ ನುಗ್ಗಿ ಗೆದ್ದಲ ಹುತ್ತ ಏಳುತ್ತಿದೆಯಾ ಅಂತ ನೋಡುವ ಹಾಗಿರಬೇಕು. ಮಾಡಿಗೆ ತಾಗುವವರೆಗೆ ಪೇರಿಸಬಾರದು. ನಡುವೆ ಬಾಗಿಲಿನಿಂದ ಹಿಂದಿನ ಗೋಡೆವರೆಗೆ ಒಂದು ದಾರಿ ಬಿಡಬೇಕು. "ಜಾಗ ದಂಡ ಅಲ್ವಾ?" ಎಂದರು ಸ್ನೇಹಿತರು. ಹಿರಿಯರು ಹೇಳಿದರು, "ದಾರಿ ಬಿಡದಿದ್ರೆ ಹಿಂದಿನ ಮೂಟೆ ಯಾವತ್ತೂ ಹೊರಗೆ ಬರಲ್ಲ. ಮುಂದಿನದ್ದೇ ಮಾರ್ತೀರಿ, ಮತ್ತೆ ಮುಂದಕ್ಕೇ ತುಂಬ್ತೀರಿ. ಹಿಂದಿನದು ಅಲ್ಲೇ ಮುದಿಯಾಗುತ್ತೆ." ಕಾಲೇಜಿನ ಕಾಮರ್ಸ್ ಪಾಠದಲ್ಲಿ ಇದಕ್ಕೊಂದು ದೊಡ್ಡ ಹೆಸರಿದೆ. ಮೊದಲು ಬಂದ ಮಾಲು ಮೊದಲು ಹೋಗಲಿ, ಅಷ್ಟೇ.

ಯಾವುದರ ಪಕ್ಕ ಯಾವುದು ಅನ್ನುವುದೂ ಇದೆ. ಉಪ್ಪು, ಬೆಲ್ಲ ಮಳೆಗಾಲದಲ್ಲಿ ಗಾಳಿಯ ನೀರನ್ನೇ ಎಳೆದು ಕರಗುತ್ತವೆ. ಅವುಗಳ ಪಕ್ಕ ಬಟ್ಟೆ, ನೋಟ್‌ಬುಕ್ಕು, ಬೆಂಕಿಪೊಟ್ಟಣ ಇಡಬಾರದು. ಕಾಳುಕಡ್ಡಿ ಇಟ್ಟ ರೂಮಿಗೆ ಇಲಿ ಬಂದೇ ಬರುತ್ತದೆ, ಬಂದ ಇಲಿ ಕಾಳನ್ನು ಮಾತ್ರ ತಿಂದು ಹೋಗುವಷ್ಟು ಸಂಭಾವಿತ ಅಲ್ಲ. ರಟ್ಟಿನ ಪೆಟ್ಟಿಗೆ ಗೆದ್ದಲಿಗೆ ಹಬ್ಬದೂಟ. ಬೆಲೆ ಬಾಳುವುದನ್ನು ತಗಡಿನ ಟ್ರಂಕಿನಲ್ಲಿ ಹಾಕಿ. ಮಳೆಗಾಲದಲ್ಲಿ ಬಿಸಿಲು ಬಿದ್ದ ದಿನ ಒಂದು ಗಂಟೆ ಬಾಗಿಲು ತೆಗೆದಿಡಿ. ಹದಿನೈದು ದಿನಕ್ಕೊಮ್ಮೆಯಾದರೂ ಮನುಷ್ಯನ ಮುಖ ಆ ರೂಮಿಗೆ ಕಾಣಿಸಬೇಕು.

ಬಾಗಿಲ ಹಿಂಬದಿಗೆ ಒಂದು ಪಟ್ಟಿ ತೂಗುಹಾಕಿ. ಏನು ಒಳಗೆ ಬಂತು, ಯಾವ ತಾರೀಖು, ಏನು ಹೋಯಿತು. ಅದರ ಇನ್ನೊಂದು ಪ್ರತಿ ಅಂಗಡಿಯಲ್ಲಿ ಇರಲಿ. ವಿಮೆಯವರಾಗಲಿ ತೆರಿಗೆಯವರಾಗಲಿ ಮೊದಲು ಕೇಳುವುದು ಇದನ್ನೇ.

ತೆರಿಗೆ ಅಂದಾಗ ನೆನಪಾಯಿತು. ಜಿಎಸ್‌ಟಿ ನಂಬರ್ ಇರುವ ವ್ಯಾಪಾರಸ್ಥರು ಹೊಸ ಗೋಡೌನು ಹಿಡಿದರೆ ಅದನ್ನು ಹೆಚ್ಚುವರಿ ವ್ಯವಹಾರದ ಸ್ಥಳ ಅಂತ 15 ದಿನದ ಒಳಗೆ ನೋಂದಣಿಗೆ ಸೇರಿಸಬೇಕು. "ಮಾಲು ನಂದೇ, ಬಿಲ್ಲೂ ಇದೆ, ಇನ್ನೇನು?" ಅಂತ ನಮ್ಮವರು ಸುಮ್ಮನಿರುತ್ತಾರೆ. ತಪಾಸಣೆಗೆ ಬಂದವರು ಲೆಕ್ಕಕ್ಕಿಲ್ಲದ ಜಾಗದಲ್ಲಿ ಮಾಲು ಕಂಡರೆ ಬಚ್ಚಿಟ್ಟದ್ದು ಅಂತ ಅನುಮಾನಿಸಿ ಜಪ್ತಿಗೂ ಕೈ ಹಾಕಬಹುದು. ಇನ್ನೊಂದು, ಕಟ್ಟಡದ ಯಜಮಾನರಿಗೆ ಜಿಎಸ್‌ಟಿ ನಂಬರ್ ಇಲ್ಲದೆ ನಿಮಗೆ ಇದ್ದರೆ, ಬಾಡಿಗೆಯ ಮೇಲಿನ ಶೇಕಡ 18 ತೆರಿಗೆಯನ್ನು 2024ರ ಅಕ್ಟೋಬರ್ 10ರಿಂದ ನೀವೇ ಕಟ್ಟಬೇಕು. ಕಾಂಪೊಸಿಷನ್ ಸ್ಕೀಮಿನವರಿಗೆ ಆಮೇಲೆ ವಿನಾಯಿತಿ ಕೊಟ್ಟರು. ನಿಮ್ಮದು ಯಾವುದು ಅಂತ ಲೆಕ್ಕ ಬರೆಯುವವರನ್ನು ಕೇಳಿಕೊಳ್ಳಿ.

ವಿಮೆಗೂ ಅಷ್ಟೇ, ಗೋಡೌನಿನ ವಿಳಾಸ ಪಾಲಿಸಿಗೆ ಹತ್ತಿಸಬೇಕು, ಒಂದು ಅರ್ಜಿಯ ಕೆಲಸ. ಸಣ್ಣ ವ್ಯಾಪಾರಿಗಳಿಗೆ ಅಂತಲೇ 2021ರ ಏಪ್ರಿಲ್‌ನಿಂದ ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ ಎಂಬ ಪಾಲಿಸಿ ಬಂದಿದೆ. ಬೆಂಕಿ, ಬಿರುಗಾಳಿ, ನೆರೆ ಅದರಲ್ಲಿ ಸೇರಿವೆ.

ಬಾಡಿಗೆ ಕರಾರು ಎಲ್ಲರದೂ ಹನ್ನೊಂದು ತಿಂಗಳದೇ. ಒಂದು ವರ್ಷ ದಾಟಿದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಕಡ್ಡಾಯ ಅಂತ ಹೆದರಿ ಹನ್ನೊಂದಕ್ಕೆ ನಿಲ್ಲಿಸುವುದು. ಇರಲಿ. ಆದರೆ ಆ ಎರಡು ಪುಟದಲ್ಲಿ ಎರಡು ಸಾಲು ಹೆಚ್ಚು ಬರೆಸಿ. ಮಾಡು ಸೋರಿದರೆ, ಗೋಡೆ ಜಿನುಗಿದರೆ ರಿಪೇರಿ ಯಾರದು, ಎಷ್ಟು ದಿನದಲ್ಲಿ? ಇನ್ನೊಂದು ಕೀ ಯಜಮಾನರ ಹತ್ತಿರ ಇದೆಯಾ, ಇದ್ದರೆ ಅವರು ಯಾವಾಗ ಬಾಗಿಲು ತೆಗೆಯಬಹುದು? ಕೀ ಇಬ್ಬರಲ್ಲೂ ಇದ್ದರೆ ಹೊಣೆ ಇಬ್ಬರದೂ ಅಲ್ಲ ಎಂಬ ಹಾಗೆ ಆಗುತ್ತದೆ, ಕಳವಾದ ದಿನ ಒಬ್ಬರು ಇನ್ನೊಬ್ಬರ ಮುಖ ನೋಡುತ್ತಾರೆ.

ಇಷ್ಟೆಲ್ಲ ಮಾಡಿದ ಮೇಲೂ ರೂಮು ಲಾಭವೇ? ಒಂದು ಲೆಕ್ಕ ಹಾಕೋಣ. ತಿಂಗಳಿಗೆ 3,000 ಬಾಡಿಗೆ ಅಂತಿಟ್ಟುಕೊಳ್ಳಿ, ವರ್ಷಕ್ಕೆ 36,000. ಒಳಗೆ ಎರಡು ಲಕ್ಷದ ಮಾಲು, ಶೇಕಡ 15 ಲಾಭ. ವರ್ಷದಲ್ಲಿ ಆ ಮಾಲು ಒಂದೇ ಸಲ ತಿರುಗಿದರೆ ಸಿಗುವುದು 30,000. ಬಾಡಿಗೆಗೇ ಸಾಲದು, ಮೇಲಿಂದ ಆರು ಸಾವಿರ ಕೈಯಿಂದ ಹೋಯಿತು. ಅದೇ ರೂಮಿನಲ್ಲಿ ಮಾಲು ಮೂರು ತಿಂಗಳಿಗೊಮ್ಮೆ ತಿರುಗಿದರೆ 1,20,000. ರೂಮು ಅದೇ, ಬೀಗ ಅದೇ. ಅಗ್ಗಕ್ಕೆ ಸಿಕ್ಕಿತು ಅಂತ ತಂದು ತುಂಬುವವರು ಈ ಲೆಕ್ಕವನ್ನು ಬಾಗಿಲಿಗೇ ಬರೆದುಕೊಳ್ಳಲಿ.

ಮನೆ ಸಾಮಾನಿನವರ ಕಥೆ ಇನ್ನೂ ಮಜಾ. ವರ್ಗವಾಗಿ ಕಲಬುರಗಿಗೆ ಹೋದ ಬ್ಯಾಂಕಿನವರೊಬ್ಬರು ಮಂಚ, ಸೋಫಾ, ಫ್ರಿಜ್ಜು, ಬೀರು ಎಲ್ಲ ವಿನೋಬನಗರದ ಒಂದು ರೂಮಿನಲ್ಲಿ ಇಟ್ಟು ಹೋಗಿದ್ದರು. ತಿಂಗಳಿಗೆ 1,500. ಒಂದೂವರೆ ವರ್ಷ ಬಿಟ್ಟು ಬಂದು ಕೂಡಿಸಿದರೆ 27,000 ಕಟ್ಟಿದ್ದಾರೆ. ಗುಜರಿಯವರನ್ನು ಕರೆದು ಕೇಳಿದರೆ ಎಲ್ಲ ಸೇರಿ ಅಷ್ಟಕ್ಕೆ ಹೋಗುವುದಿಲ್ಲ. ಫ್ರಿಜ್ಜಿನ ಬಾಗಿಲು ಸ್ವಲ್ಪ ತೆಗೆದಿಡಬೇಕಿತ್ತು, ಮುಚ್ಚಿ ಹೋಗಿದ್ದರು. ಒಳಗೆ ತಲೆ ಹಾಕುವ ಹಾಗಿರಲಿಲ್ಲ. ಆದರೆ ಅದೇ ರೂಮಿನಲ್ಲಿ ಅವರ ತಂದೆಯ ಕಾಲದ ಒಂದು ಬೀಟೆ ಮರದ ಪೆಟ್ಟಿಗೆ ಇತ್ತು. ಅದನ್ನು ಇಟ್ಟದ್ದಕ್ಕೆ ಎಷ್ಟು ಬಾಡಿಗೆ ಕೊಟ್ಟರೂ ತಪ್ಪಿಲ್ಲ ಅಂದರು. ಅದೂ ಸರಿಯೇ. ಪೆಟ್ಟಿಗೆ ಒಂದನ್ನೇ ಇಟ್ಟು ಉಳಿದದ್ದನ್ನು ಹೋಗುವ ವಾರವೇ ಮಾರಿದ್ದರೆ ಪೂರಾ ಸರಿ.

ಈ ಊರಲ್ಲಿ ರೂಮನ್ನು ಸರಿಯಾಗಿ ಬಳಸುವವರು ಯಾರು ಅಂತ ಕೇಳಿದರೆ ನಾನು ಸಂತೆ ವ್ಯಾಪಾರದವರನ್ನು ತೋರಿಸುತ್ತೇನೆ. ಬಳೆ, ಪ್ಲಾಸ್ಟಿಕ್ ಬಿಂದಿಗೆ, ಚಪ್ಪಲಿ ಗಂಟು ಕಟ್ಟಿಕೊಂಡು ಬಸ್ಸಿನಲ್ಲಿ ಸಂತೆಯಿಂದ ಸಂತೆಗೆ ಹೋಗುವ ಹೆಂಗಸರು ನಾಲ್ವರು ಬಸ್ ಸ್ಟ್ಯಾಂಡಿನ ಹತ್ತಿರ ಸೇರಿ ಒಂದು ರೂಮು ಹಿಡಿದಿದ್ದಾರೆ. ಒಬ್ಬೊಬ್ಬರದು ಒಂದೊಂದು ಟ್ರಂಕು, ಒಂದೊಂದು ಬೀಗ. ಹೊರಬಾಗಿಲ ಕೀ ನಾಲ್ಕು. ಬಾಡಿಗೆ ಪಾಲು ಕೊಡದವರ ಟ್ರಂಕು ಓಣಿಗೆ. "ರಾತ್ರಿ ಗಂಟು ಹೊತ್ಕಂಡು ಊರಿಗೆ ಹೋಗಿ ಬೆಳಗ್ಗೆ ಮತ್ತೆ ಹೊತ್ಕಂಡು ಬರೋ ಲಗೇಜ್ ಚಾರ್ಜೇ ಉಳೀತದಲ್ಲಣ್ಣ" ಎಂದರು ಅವರಲ್ಲಿ ಹಿರಿಯರು. ಕರಾರು ಯಾರ ಹೆಸರಲ್ಲಿದೆ ಎಂದು ಕೇಳಿದೆ. ಅವರದೇ ಹೆಸರಲ್ಲಿ ಇದೆ, ನಾಲ್ವರ ಹೆಸರೂ ಯಜಮಾನರಿಗೆ ಗೊತ್ತು. ಮಾಲು ವಾರಕ್ಕೊಮ್ಮೆ ಖಾಲಿ, ಬೂಷ್ಟು ಹಿಡಿಯಲು ಪುರಸೊತ್ತೇ ಇಲ್ಲ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ದೀಪಾವಳಿ ಹೊತ್ತಿಗೆ ಕೆಲವರು ಇಂಥ ರೂಮುಗಳಲ್ಲಿ ಗುಟ್ಟಾಗಿ ಪಟಾಕಿ ತುಂಬುತ್ತಾರೆ, ಗ್ಯಾಸ್ ಸಿಲಿಂಡರ್ ಇಡುತ್ತಾರೆ. ಅತ್ತಿಬೆಲೆಯಲ್ಲಿ 2023ರ ಅಕ್ಟೋಬರ್‌ನಲ್ಲಿ ಪಟಾಕಿ ಮಳಿಗೆಗೆ ಬೆಂಕಿ ಬಿದ್ದು ಹನ್ನೆರಡಕ್ಕೂ ಹೆಚ್ಚು ಜನ ಸತ್ತರು. ಅಷ್ಟು ದೂರ ಯಾಕೆ, 2021ರ ಜನವರಿ 21ರ ರಾತ್ರಿ ಹುಣಸೋಡಿನ ಸದ್ದಿಗೆ ಭೂಕಂಪ ಅಂದುಕೊಂಡು ಹಾಸಿಗೆಯಿಂದ ಎದ್ದು ಓಡಿದವರು ನಾವೇ ಅಲ್ಲವೇ. ಪಕ್ಕದ ರೂಮಿನಲ್ಲಿ ಯಾರು ಏನು ಇಟ್ಟಿದ್ದಾರೆ ಅಂತ ಕೇಳುವುದು ಅಧಿಕಪ್ರಸಂಗ ಅಲ್ಲ. ಅವರ ಬೀಗದ ಹೊಣೆ ಅವರದೇ ಆದರೂ ಗೋಡೆ ನಿಮಗೂ ಅವರಿಗೂ ಒಂದೇ.

ಬಟ್ಟೆ ಅಂಗಡಿಯ ಸ್ನೇಹಿತರು ಆ ರೂಮು ಬಿಡಲಿಲ್ಲ. ಹಾಳಾದ ಕಂಬಳಿಗಳಲ್ಲಿ ಒಗೆದು ಉಳಿದದ್ದನ್ನು ಅರ್ಧ ಬೆಲೆಗೆ ಹಾಕಿದರು, ಉಳಿಯದ್ದನ್ನು ಸುಟ್ಟರು. ಯಜಮಾನರು ಗೋಡೆಯ ಬುಡದ ಗಾರೆ ಕೀಳಿಸಿ ಹೊಸದು ಹಾಕಿಸಲು ಒಪ್ಪಿದ್ದಾರೆ, ಖರ್ಚು ಅರ್ಧರ್ಧ. ಪಾಲಿಸಿಗೆ ಗೋಡೌನಿನ ವಿಳಾಸ ಹತ್ತಿತು. ಯಾರ್ಡಿನ ಹಿರಿಯರೇ ಒಂದು ಭಾನುವಾರ ಬಂದು ಹಲಗೆ ಜೋಡಿಸಿ ಗಂಟುಗಳನ್ನು ಪೇರಿಸಿಕೊಟ್ಟರು, ನಡುವೆ ದಾರಿ ಬಿಟ್ಟು. ಮೊನ್ನೆ ನಾನು ಹೋದಾಗ ಆ ದಾರಿಯಲ್ಲಿ ಎರಡು ಹೊಸ ಪೆಟ್ಟಿಗೆ ಕೂತಿದ್ದವು.

"ಇದೇನ್ರೀ?" ಅಂದೆ.

"ಒಂದು ವಾರಕ್ಕೆ ಮಾರಾಯ್ರೇ" ಎಂದರು. "ಅಗ್ಗಕ್ಕೆ ಸಿಕ್ತು."